ಚಂದ್ರ ಸೂರ್ಯನ ಕಡೆ ನೋಡುತ್ತಿಲ್ಲ

"ದೊಡ್ಡಮ್ಮ, ಚಂದ್ರ ಸೂರ್ಯನ ಕಡೆ ನೋಡುತ್ತಿಲ್ಲ."

ಮಂಗಳವಾರ ಸಂಜೆ ತಾರಸಿಯಲ್ಲಿ ತಂಗಿಯ ಮಗಳು ಹೇಳಿದ ಈ ಮಾತು ನಾಲ್ಕು ದಿನಗಳಿಂದ ನನ್ನನ್ನು ಬಿಟ್ಟಿಲ್ಲ. ಅವಳಿಗಿನ್ನೂ ಒಂಬತ್ತು ವರ್ಷ. ಪಶ್ಚಿಮದಲ್ಲಿ ಸೂರ್ಯ ಮುಳುಗುವುದರಲ್ಲಿದ್ದ, ಪೂರ್ವದಲ್ಲಿ ಏಕಾದಶಿಯ ಚಂದ್ರ ಸಾಕಷ್ಟು ಮೇಲೇರಿದ್ದ. ಬೆಳಕು ಸೂರ್ಯನದೇ ಎಂದಮೇಲೆ ಚಂದ್ರನ ಬೆಳಗಿದ ಮೈ ಕೆಳಗೆ, ದಿಗಂತದತ್ತ ತಿರುಗಿರಬೇಕು. ಅದು ಮೇಲಕ್ಕೆ ಓರೆಯಾಗಿತ್ತು, ಸೂರ್ಯ ನಮ್ಮ ನೆತ್ತಿಯ ಮೇಲೆಲ್ಲೋ ಇದ್ದಾನೆ ಎನ್ನುವಂತೆ.

ಬಿದಿಗೆಯ ಗೆರೆಯಿಂದ ಹುಣ್ಣಿಮೆಯವರೆಗೆ ಎಷ್ಟು ಸಾರಿ ಚಂದ್ರನನ್ನು ನೋಡಿದ್ದೇನೋ ಲೆಕ್ಕವಿಲ್ಲ. ಈ ಓರೆ ಕಣ್ಣಿಗೆ ಬಿದ್ದಿರಲಿಲ್ಲ.

ಒಣಗಿದ ಬಟ್ಟೆ ತೆಗೆಯಲು ಬಂದಿದ್ದ ಪಕ್ಕದ ಮನೆಯ ಹಿರಿಯರು, "ಅದು ಭೂಮಿಯ ನೆರಳು ಮಗು, ನೆರಳು ಬಿದ್ದ ಕಡೆ ಕಪ್ಪು" ಎಂದರು. ಒಳ್ಳೆಯ ಮನುಷ್ಯ. ಆದರೆ ಪ್ರಶ್ನೆ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಟ್ಟುಬಿಡುತ್ತಾರೆ, ಅದೂ ಮಕ್ಕಳಿಗೆ. ಅದು ನನಗೆ ಸಹಿಸದು. ಇವಳು ಬಿಡಲಿಲ್ಲ. "ನಮ್ಮ ನೆರಳು ಇಲ್ಲಿ ನೆಲದ ಮೇಲೆ ಸೂರ್ಯನಿಗೆ ಎದುರಾಗಿ ಬಿದ್ದಿದೆ ತಾತ. ಭೂಮಿಯದು ಅಷ್ಟು ಮೇಲಕ್ಕೆ ಹೇಗೆ ಹೋಯಿತು?" ಅವರು ನಕ್ಕು, ಬಟ್ಟೆ ಮಡಚಿಕೊಂಡು ಇಳಿದು ಹೋದರು. ಭೂಮಿಯ ನೆರಳು ಚಂದ್ರನಿಗೆ ತಾಕುವುದು ಗ್ರಹಣದಂದು ಮಾತ್ರ, ಅದೂ ಹುಣ್ಣಿಮೆಯಲ್ಲಿ. ಚಂದ್ರನ ಹಾದಿ ಸುಮಾರು 5 ಡಿಗ್ರಿ ವಾಲಿರುವುದರಿಂದ ಹೆಚ್ಚಿನ ಹುಣ್ಣಿಮೆಗಳಲ್ಲಿ ಅದೂ ತಪ್ಪಿಹೋಗುತ್ತದೆ. ದಿನದಿನದ ಏರಿಳಿತಕ್ಕೂ ನೆರಳಿಗೂ ಸಂಬಂಧವೇ ಇಲ್ಲ. ಚಂದ್ರನ ಅರ್ಧ ಮೈ ಸದಾ ಬೆಳಗಿರುತ್ತದೆ, ಅದರಲ್ಲಿ ನಮಗೆ ಕಾಣುವ ಪಾಲು ಬದಲಾಗುತ್ತದೆ, ಅಷ್ಟೇ.

ಹಾಗಾದರೆ ಆ ಓರೆ? ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಟೇಬಲ್ ಟೆನಿಸ್ ಚೆಂಡನ್ನು ತರಿಸಿದೆ. ತಾರಸಿಯ ಮೇಲೆ ಇನ್ನೂ ಬಿಸಿಲಿತ್ತು. ಕೈಚಾಚಿ ಚೆಂಡನ್ನು ಚಂದ್ರನ ಪಕ್ಕಕ್ಕೇ ಹಿಡಿಯಲು ಹೇಳಿದೆ.

"ಚೆಂಡೂ ನೋಡುತ್ತಿಲ್ಲ!" ಎಂದು ಕೂಗಿದಳು.

ಬಗ್ಗಿ ಅವಳ ಕಣ್ಣಿನ ಮಟ್ಟದಿಂದ ನೋಡಿದೆ. ಮೈ ಜುಮ್ಮೆಂದಿತು. ಬೆರಳುಗಳ ನಡುವಿನ ಚೆಂಡು, 3,84,400 ಕಿಲೋಮೀಟರ್ ದೂರದ ಚಂದ್ರ, ಎರಡಕ್ಕೂ ಅದೇ ಉಬ್ಬು, ಅದೇ ಓರೆ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೂರದಲ್ಲಿದ್ದಾನೆ. ಆದ್ದರಿಂದ ಚೆಂಡಿಗೂ ಚಂದ್ರನಿಗೂ ಬೀಳುವ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರ. ಚೆಂಡಿನ ಮೇಲೆ ಬಿಸಿಲು ನೆಟ್ಟಗೇ ಬೀಳುತ್ತಿದೆ ಎನ್ನುವುದರಲ್ಲಿ ಅನುಮಾನವಿಲ್ಲ. ಹಾಗಿದ್ದರೆ ಬಾಗಿರುವುದು ಬೆಳಕಲ್ಲ.

ಬಟ್ಟೆ ಹಾಕುವ ದಾರವನ್ನು ಬಿಚ್ಚಿ ಅವಳ ಮುಖದ ಮುಂದೆ ಬಿಗಿಯಾಗಿ ಎಳೆದು ಹಿಡಿದೆ, ಒಂದು ತುದಿ ಚಂದ್ರನನ್ನು ಮುಟ್ಟುವಂತೆ, ಇನ್ನೊಂದು ಸೂರ್ಯನನ್ನು. ಅವಳು ನಿಧಾನವಾಗಿ ಕತ್ತು ತಿರುಗಿಸಿದಳು. ಬಿಗಿದ ದಾರ ಚಂದ್ರನಿಂದ ಮೊದಲು ಮೇಲಕ್ಕೇ ಹೋಗಿ, ಎತ್ತರದಲ್ಲಿ ಹಾದು, ಆಮೇಲೆ ಸೂರ್ಯನತ್ತ ಇಳಿಯಿತು. ಚಂದ್ರ ನೋಡುತ್ತಿದ್ದುದು ಆ ದಾರದ ಗುಂಟ. ಇಷ್ಟು ಅಗಲದ ಆಕಾಶ ಒಂದೇ ನೋಟಕ್ಕೆ ಸಿಗುವುದಿಲ್ಲ. ತುಂಡು ತುಂಡಾಗಿ ನೋಡಿ, ಗೋಡೆಯ ಮೇಲಿನ ಚಿತ್ರದಂತೆ ಮನಸ್ಸಿನಲ್ಲಿ ಚಪ್ಪಟೆಯಾಗಿ ಹರಡಿಕೊಳ್ಳುತ್ತೇವೆ. ಆಗ ನೆಟ್ಟಗಿನ ದಾರಿಯೂ ಬಾಗುತ್ತದೆ.

ಅಂದಿನಿಂದ ಪ್ರತಿ ಸಂಜೆ ಅದೇ ಹೊತ್ತಿಗೆ ಅವಳು ಚಂದ್ರನನ್ನು ಬರೆಯುತ್ತಿದ್ದಾಳೆ. ದಿನಕ್ಕೆ ಸುಮಾರು 13 ಡಿಗ್ರಿ, ಅಂದರೆ ಚಾಚಿದ ಕೈಯ ಒಂದು ಮುಷ್ಟಿಗಿಂತ ತುಸು ಹೆಚ್ಚು, ಅವನು ಪೂರ್ವಕ್ಕೆ ಜಾರುವುದನ್ನು ತಾನೇ ಅಳೆದಿದ್ದಾಳೆ. ಮಂಗಳವಾರದ ಹಾಳೆಯಲ್ಲಿ ಚಂದ್ರನಿಂದ ಸೂರ್ಯನಿಗೆ ಕಮಾನಿನಂಥ ಗೆರೆಯಿತ್ತು. "ಇದು ಬಾಗಿದೆಯಲ್ಲ?" ಎಂದೆ.

"ಗೆರೆ ನೆಟ್ಟಗೇ ಇದೆ ದೊಡ್ಡಮ್ಮ. ಹಾಳೆ ಚಪ್ಪಟೆ."

ಇಂದು ಹುಣ್ಣಿಮೆ. ಚಂದ್ರನಲ್ಲಿ ಯಾವ ಓರೆಯೂ ಕಾಣುವುದಿಲ್ಲ ಎಂದು ಹೇಳಿದ್ದೇನೆ. ನೋಡಿಯೇ ನಂಬುತ್ತೇನೆ ಎಂದು ಚೆಂಡು ಹಿಡಿದು ಆಗಲೇ ಮೇಲೆ ಹತ್ತಿದ್ದಾಳೆ.