ತಮ್ಮನ ಕೇಸು, ನನ್ನ ಫಾರಂ

ಇಂಗ್ಲೆಂಡಿನ ಪೊಲೀಸ್ ಇಲಾಖೆಯಲ್ಲಿ ಎರಡು ಬಗೆಯ ನೌಕರರಿದ್ದಾರೆ. ಬಂಧಿಸುವ ಅಧಿಕಾರ ಇರುವ ಆಫೀಸರ್‌ಗಳು ಒಂದು ಕಡೆ. ಕಂಟ್ರೋಲ್ ರೂಮಿನಲ್ಲಿ ಫೋನ್ ತೆಗೆಯುವವರು, ಬೆರಳಚ್ಚು ನೋಡುವವರು, ಸಾಕ್ಷ್ಯದ ಸಾಮಾನು ಜೋಪಾನ ಮಾಡುವವರು ಇನ್ನೊಂದು ಕಡೆ. ಇವರಿಗೆ ‘ಪೊಲೀಸ್ ಸ್ಟಾಫ್’ ಅನ್ನುತ್ತಾರೆ. ನಾನು ಅರ್ಜಿ ಹಾಕಿದ್ದು ಕಂಟ್ರೋಲ್ ರೂಮಿಗೆ. 999ಕ್ಕೆ ಬರುವ ತುರ್ತು ಕರೆ, 101ಕ್ಕೆ ಬರುವ ಅಷ್ಟೇನೂ ತುರ್ತಲ್ಲದ ಕರೆ, ಎರಡನ್ನೂ ತೆಗೆದುಕೊಳ್ಳುವ ಕೆಲಸ. ಅದಕ್ಕೂ ಮುಂಚೆ ಒಂದು ಆಸ್ಪತ್ರೆಯ ರಿಸೆಪ್ಷನ್‌ನಲ್ಲಿದ್ದೆ. ಗಾಬರಿಯಾದವರ ಜೊತೆ ಸಮಾಧಾನವಾಗಿ ಮಾತಾಡಿ ಬೇಕಾದ ವಿಷಯ ತಿಳಿದುಕೊಳ್ಳುವುದು ನನಗೆ ಬರುತ್ತದೆ ಅಂತ ಅಲ್ಲೇ ಗೊತ್ತಾಗಿತ್ತು.

ಟೈಪಿಂಗ್ ಪರೀಕ್ಷೆ, ಇಂಟರ್‌ವ್ಯೂ ಎಲ್ಲ ಸಲೀಸಾಗಿ ಆಯಿತು. ಆಯ್ಕೆಯಾಗಿದ್ದೀರಿ ಅಂತ ಪತ್ರವೂ ಬಂತು. ಅದರ ಕೊನೆಯಲ್ಲಿ ಒಂದು ಷರತ್ತಿತ್ತು: ವೆಟ್ಟಿಂಗ್ ಪಾಸಾದರೆ ಮಾತ್ರ. ವೆಟ್ಟಿಂಗ್ ಅಂದರೆ ಹಿನ್ನೆಲೆ ತಪಾಸಣೆ. ಯೂನಿಫಾರಂ ಹಾಕುವವರಿಗೂ ಹಾಕದವರಿಗೂ ಅದು ಕಡ್ಡಾಯ.

ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಕೇಳಿದ್ದು, “ಹಂಗಾದ್ರೆ ಮನೆಗೆ ಪೊಲೀಸ್ನೋರು ಬರ್ತಾರೇನೇ?” ನಮ್ಮ ಕಡೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ಸ್ಟೇಷನ್‌ನಿಂದ ಒಬ್ಬರು ಬಂದು, ಅಕ್ಕಪಕ್ಕದವರನ್ನು ಎರಡು ಮಾತು ಕೇಳಿ, ಸಹಿ ಹಾಕಿಸಿಕೊಂಡು ಹೋಗುತ್ತಿದ್ದರಲ್ಲ, ಅಮ್ಮನ ಮನಸ್ಸಿನಲ್ಲಿ ಅದೇ ಇತ್ತು. ಇಲ್ಲಿ ಯಾರೂ ಮನೆಗೆ ಬರಲಿಲ್ಲ. ಎಲ್ಲವನ್ನೂ ವೆಟ್ಟಿಂಗ್‌ಗೆ ತುಂಬಿ ಕಳಿಸಬೇಕಾದ ಫಾರಂನಲ್ಲೇ ಕೇಳಿದ್ದರು. ನಾನು ಈ ಹಿಂದೆ ಇದ್ದ ಮನೆಗಳ ವಿಳಾಸ, ತಿಂಗಳ ಆದಾಯ, ಖರ್ಚು, ಸಾಲ, ಸೋಷಿಯಲ್ ಮೀಡಿಯಾ ಖಾತೆಗಳು. ಆಮೇಲೆ ನನ್ನ ಜನ. ಗಂಡ, ಅಪ್ಪ, ಅಮ್ಮ, ಅತ್ತೆ, ಮಾವ, ಒಡಹುಟ್ಟಿದವರು, ಒಂದೇ ಮನೆಯಲ್ಲಿರುವ 10 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರು. ಇಂಗ್ಲೆಂಡಿನ ಕಾನೂನಿನಲ್ಲಿ 10 ವರ್ಷ ತುಂಬಿದ ಮಗುವಿನ ಮೇಲೂ ಅಪರಾಧ ಹೊರಿಸಬಹುದು. ಅದಕ್ಕೇ ಆ ವಯಸ್ಸು. ನನ್ನ ಮಗಳಿಗೆ ಆಗ ತಾನೇ ಹನ್ನೊಂದಾಗಿತ್ತು. ಅವಳ ಹೆಸರು, ಹುಟ್ಟಿದ ದಿನ ಬರೆಯುವಾಗ ಕೈ ತಡೆಯಿತು.

ಹುಟ್ಟಿದ ದಿನದ್ದೇ ಇನ್ನೊಂದು ಪಾಡು. ಅಮ್ಮನ ಶಾಲೆ ದಾಖಲೆಯಲ್ಲಿ ಜೂನ್ 1 ಅಂತಿದೆ. ಅವರ ಕಾಲದಲ್ಲಿ ಮೇಷ್ಟ್ರು ಎಷ್ಟೋ ಮಕ್ಕಳಿಗೆ ಬರೆದ ತಾರೀಖು ಅದು. ಅಜ್ಜಿ ಹೇಳುತ್ತಿದ್ದುದು ಮಾತ್ರ, ಗೌರಿ ಹಬ್ಬಕ್ಕೆ ಇನ್ನೊಂದು ವಾರ ಇದ್ದಾಗ ಹುಟ್ಟಿದ್ದು ಅಂತ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಆಧಾರ್ ಕಾರ್ಡಿನಲ್ಲಿ ಜನವರಿ 1. ನಾನು ದಾಖಲೆಯಲ್ಲಿ ಇರುವುದನ್ನೇ ಬರೆದೆ. ಹೆಚ್ಚಿನ ಮಾಹಿತಿಯ ಜಾಗದಲ್ಲಿ, ಇವು ಕಾಗದದ ತಾರೀಖುಗಳು, ನಮ್ಮ ಕಡೆ ಆ ತಲೆಮಾರಿನಲ್ಲಿ ಇದು ಮಾಮೂಲು ಅಂತ ಎರಡು ಸಾಲು ಸೇರಿಸಿದೆ. ನನ್ನ ಹೆಸರಿನದ್ದೂ ಅಷ್ಟೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್, ಇಲ್ಲಿನ ಬ್ಯಾಂಕಿನಲ್ಲಿ ಗಂಡನ ಹೆಸರು. ಎಲ್ಲವನ್ನೂ ‘ಬೇರೆ ಹೆಸರುಗಳು’ ಅನ್ನುವ ಕಾಲಂನಲ್ಲಿ ತುಂಬಿದೆ.

ಇಲ್ಲಿಯವರೆಗೆ ಸುಸ್ತಾಯಿತೇ ಹೊರತು ಭಯವಾಗಲಿಲ್ಲ. ಭಯ ಶುರುವಾಗಿದ್ದು ಆಮೇಲಿನ ಪುಟದಲ್ಲಿ. ಮೇಲೆ ಹೆಸರಿಸಿದವರಲ್ಲಿ ಯಾರ ಮೇಲಾದರೂ ಕ್ರಿಮಿನಲ್ ಕೇಸು ಇದೆಯೇ? ತನಿಖೆ ನಡೆಯುತ್ತಿದೆಯೇ?

ತಮ್ಮನ ಮೇಲೆ ಇತ್ತು.

ಅವನದು ದಾವಣಗೆರೆ ಜಿಲ್ಲೆಯಲ್ಲಿ ಪೈಪು, ಮೋಟರ್ ಪಂಪಿನ ಅಂಗಡಿ. ಲಾಕ್‌ಡೌನ್ ಸಮಯದಲ್ಲಿ ವ್ಯಾಪಾರ ಕುಸಿಯಿತು. ಪೈಪು ಕೊಟ್ಟವರಿಗೆ ಬರೆದಿದ್ದ ಚೆಕ್ಕು ವಾಪಸಾಯಿತು. ಚೆಕ್ ಬೌನ್ಸ್ ಅನ್ನುವುದನ್ನು ನಾವು ಊರಲ್ಲಿ ಎಷ್ಟು ಹಗುರವಾಗಿ ಮಾತಾಡುತ್ತೇವೆ ಅಲ್ವಾ? ಕಾನೂನಿನಲ್ಲಿ ಅದು ಹಗುರವಲ್ಲ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಪ್ರಕಾರ ಅದು ಅಪರಾಧ. ನೋಟಿಸ್ ತಲುಪಿದ 15 ದಿನದೊಳಗೆ ಹಣ ಕೊಡದಿದ್ದರೆ ಕೇಸು ಹಾಕಬಹುದು. ಸಾಬೀತಾದರೆ 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ಇಂಗ್ಲೆಂಡಿನಲ್ಲಾದರೆ ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ಕು ವಾಪಸಾಗುವುದಷ್ಟೇ ಅಪರಾಧವಾಗುವುದಿಲ್ಲ, ಮೋಸ ಮಾಡುವ ಉದ್ದೇಶ ಇರಬೇಕು. ಅಂದರೆ ಇಲ್ಲಿ ಬರೀ ಬಾಕಿಯ ವಿಷಯ ಆಗುತ್ತಿದ್ದದ್ದು ಅಲ್ಲಿ ನನ್ನ ತಮ್ಮನನ್ನು ಆರೋಪಿ ಮಾಡಿತ್ತು.

ಪರಿಚಯದ ಒಂದಿಬ್ಬರು ಹೇಳಿದರು, “ಇಂಡಿಯಾದ್ದು ಇವರಿಗೆ ಹೇಗೆ ಗೊತ್ತಾಗತ್ತೆ? ಸುಮ್ನೆ ಬಿಡು.” ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಆ ಮಾತು ನನಗೆ ಹಿಡಿಸಲಿಲ್ಲ. ಇಲ್ಲಿನ ವೆಟ್ಟಿಂಗ್ ನಿಯಮಗಳಲ್ಲಿ, ಗೊತ್ತಿದ್ದ ವಿಷಯ ಮುಚ್ಚಿಟ್ಟರೆ ಅದೊಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಹುದು. ಮುಚ್ಚಿಟ್ಟ ವಿಷಯ ಚಿಕ್ಕದಾಗಿದ್ದರೂ ಸರಿ. ಬೇರೆ ಕೆಲಸಗಳಲ್ಲಿ, ಕಾಲ ಕಳೆದ ಸಣ್ಣಪುಟ್ಟ ಶಿಕ್ಷೆಗಳನ್ನು ಹೇಳಬೇಕಿಲ್ಲ ಅಂತ 1974ರ ಒಂದು ಕಾಯ್ದೆ ರಕ್ಷಣೆ ಕೊಡುತ್ತದೆ. ಪೊಲೀಸ್ ಕೆಲಸಕ್ಕೆ ಆ ರಕ್ಷಣೆ ಇಲ್ಲ. ಹಳೆಯದನ್ನೂ ಹೇಳಲೇಬೇಕು. ಅದೆಲ್ಲ ಬಿಡಿ. ಮೊದಲ ದಿನವೇ ಸುಳ್ಳು ಬರೆದು ಆ ಕುರ್ಚಿಯಲ್ಲಿ ಕೂರಲು ನನಗೆ ಇಷ್ಟವಿರಲಿಲ್ಲ.

ತಮ್ಮನಿಗೆ ಫೋನ್ ಮಾಡಿದ್ದು ಒಂದು ಭಾನುವಾರ. ಅವನು ಅಂಗಡಿಯ ಹಿಂದಿನ ಗೋಡೌನಿನಲ್ಲಿದ್ದ. ವಿಡಿಯೋದಲ್ಲಿ ಹಿಂದೆ ಪೈಪುಗಳ ಅಟ್ಟಿ ಕಾಣುತ್ತಿತ್ತು. ವಿಷಯ ಹೇಳಿದೆ. ಅವನ ಮುಖ ಸಣ್ಣದಾಯಿತು.

“ನಿನ್ನ ಕೆಲಸಕ್ಕೂ ನನ್ನ ಕೇಸಿಗೂ ಏನಕ್ಕಾ ಸಂಬಂಧ? ನಾನೇನು ಕಳ್ಳತನ ಮಾಡಿದೀನಾ?”

“ಕಳ್ಳತನ ಅಂತ ಯಾರು ಹೇಳಿದ್ರೋ? ಇರೋದನ್ನ ಇದ್ದ ಹಾಗೆ ಬರೀಬೇಕು, ಅಷ್ಟೇ.”

“ನನ್ನಿಂದ ನಿನ್ನ ಕೆಲಸ ಹೋದ್ರೆ?”

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋಗಲ್ಲ ಅಂತ ಹೇಳಿ ಸಮಾಧಾನ ಮಾಡಬಹುದಿತ್ತು. ಆದರೆ ಗೊತ್ತಿಲ್ಲದ್ದನ್ನು ಗೊತ್ತು ಅನ್ನುವುದು ಹೇಗೆ? ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕೊನೆಗೆ ಅವನೇ ಎದ್ದು, ಗಲ್ಲಾ ಪೆಟ್ಟಿಗೆಯ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದ. ಬ್ಯಾಂಕಿನ ಮೆಮೊ, ವಕೀಲರ ನೋಟಿಸು, ಸಮನ್ಸು. ಒಂದೊಂದನ್ನೇ ಕ್ಯಾಮೆರಾಗೆ ಹಿಡಿದು ಕೇಸ್ ನಂಬರ್, ಕೋರ್ಟಿನ ಹೆಸರು, ಮುಂದಿನ ತಾರೀಖು ಓದಿ ಹೇಳಿದ. ನಾನು ಬರೆದುಕೊಂಡೆ. ಇ-ಕೋರ್ಟ್ಸ್ ಸೈಟಿನಲ್ಲಿ ಆ ನಂಬರ್ ಹಾಕಿ ನೋಡಿದರೆ ಆರೋಪಿಯ ಜಾಗದಲ್ಲಿ ಅವನ ಹೆಸರು, ಇಂಥವರ ಮಗ ಅಂತ ಜೊತೆಗೆ ನಮ್ಮಪ್ಪನ ಹೆಸರು. ಫೋನ್ ಇಡುವ ಮುಂಚೆ ಅವನು ಕೇಳಿದ್ದು ಒಂದೇ. “ಅಮ್ಮಂಗೆ ಗೊತ್ತಾಗೋದು ಬೇಡಕ್ಕಾ.”

ವೆಟ್ಟಿಂಗ್‌ನ ನಿಜವಾದ ಭಾರ ಇಲ್ಲಿದೆ ಅಂತ ನನಗನ್ನಿಸುತ್ತದೆ. ಕೆಲಸ ಬೇಕಾಗಿರುವುದು ನನಗೆ. ಆದರೆ ಬಿಚ್ಚಿ ತೋರಿಸಬೇಕಾಗಿ ಬಂದದ್ದು ಇನ್ನೊಬ್ಬನ ಕಷ್ಟವನ್ನು. ನಮ್ಮ ಮನೆಗಳಲ್ಲಿ ಸಾಲ, ಕೋರ್ಟು, ಕಚೇರಿ ವಿಷಯಗಳನ್ನು ಮಕ್ಕಳ ಎದುರು ಕೂಡ ಮಾತಾಡುವುದಿಲ್ಲ. ಅಂಥದ್ದನ್ನು ಸಾವಿರಾರು ಮೈಲಿ ದೂರದ ಒಬ್ಬ ಅಪರಿಚಿತ ಅಧಿಕಾರಿಗೆ ಬರೆದು ಕೊಡು ಅಂದರೆ ತಮ್ಮನಿಗೆ ಹೇಗಾಗಿರಬೇಡ.

ಆದರೂ ಈ ತಪಾಸಣೆ ಬೇಡ ಅಂತ ನಾನು ಹೇಳಲಾರೆ. 2021ರ ಮಾರ್ಚ್ 3ರ ರಾತ್ರಿ ಲಂಡನ್ನಿನಲ್ಲಿ ಸೇರಾ ಎವರಾರ್ಡ್ ಎಂಬ 33 ವರ್ಷದ ಹೆಣ್ಣುಮಗಳು ಸ್ನೇಹಿತರ ಮನೆಯಿಂದ ನಡೆದು ಹೊರಟಿದ್ದಳು. ವೇಯ್ನ್ ಕಝನ್ಸ್ ಎಂಬ ಪೊಲೀಸ್ ಅಧಿಕಾರಿ ತನ್ನ ಗುರುತಿನ ಕಾರ್ಡು ತೋರಿಸಿ, ಕೈಕೋಳ ಹಾಕಿ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದ. ಅತ್ಯಾಚಾರ ಮಾಡಿ ಕೊಂದ. ಆ ವಾರ ನಾವು ಹೆಂಗಸರೆಲ್ಲ ಹೇಗಿದ್ದೆವು ಅಂತ ನನಗೆ ಚೆನ್ನಾಗಿ ನೆನಪಿದೆ. ರಾತ್ರಿ ಪಾಳಿ ಮುಗಿಸಿ ಬಸ್ ಸ್ಟಾಪಿಗೆ ಹೋಗುವಾಗ ಪೊಲೀಸ್ ಕಾರು ಕಂಡರೆ ಮುಂಚೆಲ್ಲ ಧೈರ್ಯ ಬರುತ್ತಿತ್ತು. ಆಮೇಲೆ ಆ ಧೈರ್ಯ ಹೋಯಿತು. ಈ ಪ್ರಕರಣದ ಬಗ್ಗೆ 2024ರ ಫೆಬ್ರವರಿಯಲ್ಲಿ ಬಂದ ಆಂಜಿಯೊಲಿನಿ ವಿಚಾರಣಾ ವರದಿ, ಕಝನ್ಸ್ ಪೊಲೀಸ್ ಆಗಲೇಬಾರದಿತ್ತು ಅಂತ ಸ್ಪಷ್ಟವಾಗಿ ಹೇಳಿತು. ಅವನ ಸಾಲದ ಸಮಸ್ಯೆ ಹಳೆಯದು, ಆದರೂ ಕೆಲಸ ಸಿಕ್ಕಿತ್ತು. ಅಷ್ಟರಲ್ಲಿ ಡೇವಿಡ್ ಕ್ಯಾರಿಕ್‌ನ ಪ್ರಕರಣವೂ ಹೊರಬಿದ್ದಿತ್ತು. ವರ್ಷಾನುಗಟ್ಟಲೆ ಹೆಂಗಸರಿಗೆ ಹಿಂಸೆ ಕೊಟ್ಟ ಆ ಅಧಿಕಾರಿ 2017ರಲ್ಲಿ ಮತ್ತೊಮ್ಮೆ ವೆಟ್ಟಿಂಗ್ ಪಾಸಾಗಿದ್ದ. ಪೊಲೀಸ್ ಪಡೆಗಳನ್ನು ಪರಿಶೀಲಿಸುವ ಇನ್‌ಸ್ಪೆಕ್ಟರೇಟ್ 2022ರ ನವೆಂಬರ್‌ನಲ್ಲಿ ಒಂದು ವರದಿ ಕೊಟ್ಟಿತು. 725 ವೆಟ್ಟಿಂಗ್ ಫೈಲುಗಳನ್ನು ನೋಡಿದಾಗ 131ರಲ್ಲಿ ನಿರ್ಧಾರವೇ ಪ್ರಶ್ನಾರ್ಹ ಅಂತ ಅದರಲ್ಲಿದೆ. ಆ ಸಂಖ್ಯೆ ಓದಿದ ಮೇಲೆ, ನನ್ನ ತಮ್ಮನ ಕೇಸು ಕೇಳುತ್ತಾರಲ್ಲ ಅನ್ನುವ ಸಿಟ್ಟು ಇಳಿಯಿತು. ಕೇಳಲಿ. ನನ್ನನ್ನೂ ಕೇಳಲಿ, ಎಲ್ಲರನ್ನೂ ಕೇಳಲಿ.

ಫಾರಂ ಕಳಿಸಿದ ಮೇಲೆ ಕಾಯುವುದು. ವಾರಗಳು ತಿಂಗಳಾದವು. ಈ ಕಾಯುವಿಕೆಯ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ. ಆಸ್ಪತ್ರೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಿರಲಿಲ್ಲ, ಅದೊಂದು ಒಳ್ಳೆಯದಾಯಿತು.

ಒಂದು ಮಧ್ಯಾಹ್ನ ವೆಟ್ಟಿಂಗ್ ವಿಭಾಗದ ಹೆಂಗಸೊಬ್ಬರು ಫೋನ್ ಮಾಡಿದರು. ಮೆತ್ತಗಿನ ದನಿ, ಅವಸರ ಇಲ್ಲ. ಹುಟ್ಟಿದ ದಿನಗಳ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದೆಲ್ಲ ತಮ್ಮನದ್ದೇ. ಅವನ ವ್ಯಾಪಾರದಲ್ಲಿ ನನ್ನ ಪಾಲಿದೆಯಾ? ಅವನ ಸಾಲಕ್ಕೆ ನಾನು ಜಾಮೀನು ನಿಂತಿದ್ದೇನಾ? ನಾನು ಅವನಿಗೆ ಹಣ ಕಳಿಸಿದ್ದೇನಾ, ಎಷ್ಟು, ಅದರಿಂದ ನನ್ನ ಮನೆ ಖರ್ಚಿಗೆ ತೊಂದರೆಯಾಗಿದೆಯಾ? ಅವನಿಗೆ ಸಾಲ ಕೊಟ್ಟವರು ಯಾರಾದರೂ ನನ್ನನ್ನು ಸಂಪರ್ಕಿಸಿದ್ದಾರಾ?

ಆ ಕೊನೆಯ ಪ್ರಶ್ನೆ ಕೇಳಿದಾಗ ನನಗೆ ಇಡೀ ತಪಾಸಣೆಯ ಗಂಟು ಬಿಚ್ಚಿತು. ಕಂಟ್ರೋಲ್ ರೂಮಿನಲ್ಲಿ ಕೂತವರ ಮುಂದಿನ ಪರದೆಯಲ್ಲಿ ಜನರ ವಿಳಾಸ, ಫೋನ್ ನಂಬರ್, ಹಳೆಯ ದೂರುಗಳು ಎಲ್ಲ ಇರುತ್ತವೆ. ಗಂಡನ ಹೊಡೆತ ತಾಳಲಾರದೆ ಓಡಿಬಂದವಳು ಈಗ ಎಲ್ಲಿದ್ದಾಳೆ ಅನ್ನುವುದೂ ಇರಬಹುದು. ಅಂಥ ಕಡೆ ಕೂತವರು ದುಡ್ಡಿನ ಮುಲಾಜಿಗೆ ಸಿಕ್ಕಿದ್ದರೆ, ಯಾರೋ ಬಂದು ‘ಒಂದು ವಿಳಾಸ ಹೇಳು, ನಿನ್ನ ತಮ್ಮನ ಬಾಕಿ ನಾನು ನೋಡ್ಕೋತೀನಿ’ ಅಂದರೆ? ಅವರು ಹುಡುಕುತ್ತಿದ್ದದ್ದು ಈ ಸಂದನ್ನು. ಸಾಲ ಇದೆ ಅಂತ ಮಾತ್ರಕ್ಕೆ ಯಾರನ್ನೂ ಬೇಡ ಅನ್ನುವುದಿಲ್ಲ. ಮನೆ ಸಾಲ, ಕಾರಿನ ಸಾಲ ಯಾರಿಗಿಲ್ಲ? ಸಾಲ ಹಿಡಿತ ತಪ್ಪಿದೆಯಾ, ಅದನ್ನು ಬಚ್ಚಿಟ್ಟಿದ್ದಾರಾ ಅನ್ನುವುದು ಅವರಿಗೆ ಮುಖ್ಯ. ನಾನು ತಮ್ಮನಿಗೆ ಕಳಿಸಿದ್ದ ಹಣದ ಬ್ಯಾಂಕ್ ವಿವರ ಕೊಟ್ಟೆ. ಜಾಮೀನು ನಿಂತಿಲ್ಲ, ಪಾಲಿಲ್ಲ, ಯಾರೂ ಸಂಪರ್ಕಿಸಿಲ್ಲ ಅಂದೆ. ಇದ್ದದ್ದೇ ಅಷ್ಟು.

ನನ್ನ ಜೊತೆಗೇ ಆಯ್ಕೆಯಾಗಿದ್ದ ಒಬ್ಬರಿಗೆ ತಿರಸ್ಕಾರದ ಪತ್ರ ಬಂತು. ಹಳೆಯ ಮನೆಯ ವಿಳಾಸಕ್ಕೆ ಬಂದಿದ್ದ ಒಂದು ಕೋರ್ಟು ತೀರ್ಪನ್ನು ಅವರು ಬರೆದಿರಲಿಲ್ಲ. ಬಾಕಿ ಕಟ್ಟದಿದ್ದಕ್ಕೆ ಇಲ್ಲಿ ಕೋರ್ಟು ಕೊಡುವ ಇಂಥ ತೀರ್ಪು, ಒಂದು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ 6 ವರ್ಷ ದಾಖಲೆಯಲ್ಲಿ ಇರುತ್ತದೆ. ಮೇಲ್ಮನವಿಗೆ ಅವಕಾಶ ಇದೆ, ಅವರು ಹಾಕಿದರು. ಆ ತೀರ್ಪು ತನ್ನ ಕೈಗೆ ತಲುಪಿಯೇ ಇಲ್ಲ ಅಂತ ಅವರು ನನ್ನ ಹತ್ತಿರ ಹೇಳಿಕೊಂಡಾಗ ನಾನು ನಂಬಿದೆ. ವಿಭಾಗದವರು ಒಪ್ಪಲಿಲ್ಲ. ಇಂಥ ಕಡೆ ಮಾತ್ರ ಈ ವ್ಯವಸ್ಥೆ ಇನ್ನೂ ಸ್ವಲ್ಪ ನಿಧಾನಿಸಿ ಕೇಳಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ನನ್ನದು ಪಾಸಾಯಿತು. ಮೊದಲು ತಿಳಿಸಿದ್ದು ತಮ್ಮನಿಗೆ. ಅವನು ಏನೂ ಮಾತಾಡದೆ ಬಿಕ್ಕಿದ. ಅಷ್ಟು ದಿನ ನನಗಿಂತ ಜಾಸ್ತಿ ಅವನೇ ಕಾದಿದ್ದ ಅಂತ ಆಗ ತಿಳಿಯಿತು.

ತರಬೇತಿಯ ಮೊದಲ ದಿನವೇ ಎರಡು ವಿಷಯ ಒತ್ತಿ ಹೇಳಿದರು. ಕೆಲಸಕ್ಕೆ ಸಂಬಂಧವಿಲ್ಲದೆ, ಬರೀ ಕುತೂಹಲಕ್ಕೆ ಪಕ್ಕದ ಮನೆಯವರ ದಾಖಲೆ ತೆಗೆದು ನೋಡಿದರೂ ಅದು ಅಪರಾಧ. ಇದರಿಂದ ಕೆಲಸ ಕಳೆದುಕೊಂಡು ಕೋರ್ಟು ಮೆಟ್ಟಿಲು ಹತ್ತಿದವರಿದ್ದಾರೆ. ಎರಡನೆಯದು, ವೆಟ್ಟಿಂಗ್ ಒಮ್ಮೆ ಮುಗಿದರೆ ಮುಗಿಯಿತು ಅಂತಲ್ಲ. ಮನೆಗೆ ಹೊಸಬರು ಬಂದು ಇರತೊಡಗಿದರೆ, ಸಾಲ ಕೈಮೀರಿದರೆ, ನಮ್ಮವರು ಯಾರಾದರೂ ಕೇಸಿನಲ್ಲಿ ಸಿಕ್ಕಿದರೆ ನಾವಾಗಿಯೇ ತಿಳಿಸಬೇಕು.

ತಮ್ಮನ ಕೇಸು ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಬಾಕಿಯನ್ನು ಕಂತಿನಲ್ಲಿ ಕಟ್ಟುವುದು ಅಂತ ಮಾತಾಗಿ, ಅವನು ಕಟ್ಟಿ ಮುಗಿಸಿದ. ಅದೇ ಸಂಜೆ ಆದೇಶದ ಪ್ರತಿ ವಾಟ್ಸಾಪ್‌ನಲ್ಲಿ ಬಂತು, ಕೆಳಗೆ ಅವನ ಮಾತು: “ಅಕ್ಕಾ, ಇದನ್ನೂ ನಿಮ್ಮ ಆಫೀಸಿಗೆ ಕಳಿಸು.” ಮಾರನೆಯ ದಿನ ವೆಟ್ಟಿಂಗ್ ವಿಭಾಗಕ್ಕೆ ಕಳಿಸಿದೆ. ಫೈಲಿಗೆ ಸೇರಿಸಿದ್ದೇವೆ ಅಂತ ಉತ್ತರ ಬಂತು. ಅಮ್ಮನಿಗೆ ತಮ್ಮನೇ ಹೇಳಿದನಂತೆ, ರಾಜಿಯಾದ ಮೇಲೆ.