ತೋಳಿನ ಮೇಲಿನ ಕೆಂಪು ಬೊಟ್ಟು

ಸೂಜಿ ಚುಚ್ಚಿದ ಜಾಗದಲ್ಲೇ ಬಂತು ಅದು. ಎಡ ತೋಳಿನ ಮೇಲೆ, ಮೊದಲು ಸಾಸಿವೆ ಕಾಳಿನಷ್ಟು. ವಾರ ಕಳೆಯುವುದರೊಳಗೆ ಒಂದು ರೂಪಾಯಿ ನಾಣ್ಯದಷ್ಟು ಅಗಲವಾಯಿತು. ಕೆಂಪು ಬೊಟ್ಟು, ಅದರ ಮೇಲೆ ಬೆಳ್ಳಗೆ ಹೊಟ್ಟು. ಉಗುರು ತಾಗಿಸಿದರೆ ಮೇಣದಬತ್ತಿ ಕೆರೆದ ಹಾಗೆ ಪುಡಿಪುಡಿಯಾಗಿ ಉದುರುತ್ತಿತ್ತು. ಹದಿನಾಲ್ಕು ವರ್ಷದಿಂದ ಸೋರಿಯಾಸಿಸ್ ಎನ್ನುವ ಚರ್ಮದ ಕಾಯಿಲೆ ಇರುವವನು ನಾನು, ನೋಡಿದ ಕೂಡಲೇ ಗೊತ್ತಾಯಿತು. ಮೊಣಕೈ, ಮೊಣಕಾಲು, ತಲೆ, ಹೆಚ್ಚಾಗಿ ಇಷ್ಟರಲ್ಲೇ ಇದ್ದ ಕಾಯಿಲೆ ತೋಳಿಗೆ ಬಂದದ್ದು ಅದೇ ಮೊದಲು.

ನಾನು ಆಲ್ದೂರು ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು. 2021ರ ಏಪ್ರಿಲ್ 1ರಿಂದ 45 ದಾಟಿದವರಿಗೆಲ್ಲ ಕೋವಿಡ್ ಲಸಿಕೆ ಶುರುವಾಯಿತಲ್ಲ, ತಿಂಗಳ ಮಧ್ಯದಲ್ಲಿ ನಾನೂ ಹಾಕಿಸಿಕೊಂಡೆ. ಆಳುಗಳು ಇರುವ ಲೈನ್ ಮನೆಗಳಿಗೆ ಹೋಗಿ, ಹೆದರಿದವರಿಗೆ ಧೈರ್ಯ ಹೇಳಿ, ಜೀಪಿನಲ್ಲಿ ಕೂರಿಸಿಕೊಂಡು ಹೋಗಿದ್ದೂ ನಾನೇ. ಎರಡು ದಿನ ಮೈಕೈ ನೋವು, ಸ್ವಲ್ಪ ಜ್ವರ. ಅದು ಎಲ್ಲರಿಗೂ ಬಂತು, ಹೋಯಿತು. ನನಗೆ ಹನ್ನೆರಡನೇ ದಿನ ಈ ಬೊಟ್ಟು. ಆಮೇಲೆ ಮೊಣಕೈಯದು ಮುಂಗೈ ಕಡೆಗೆ ಇಳಿಯಿತು. ಅಷ್ಟರಲ್ಲಿ ಲಾಕ್‌ಡೌನ್. ಹಚ್ಚುತ್ತಿದ್ದ ಮುಲಾಮು ಮುಗಿಯಿತು, ತರಲು ಪೇಟೆಗೆ ಹೋಗಲಾಗಲಿಲ್ಲ. ಬೆಳಗ್ಗೆ ಎದ್ದರೆ ಹಾಸಿಗೆ ತುಂಬ ಹೊಟ್ಟು. ಮಕ್ಕಳು ಏಳುವ ಮುಂಚೆ, ಅವರ ಕಣ್ಣಿಗೆ ಬೀಳದಂತೆ ಹೆಂಡತಿ ಗುಡಿಸಿಬಿಡುತ್ತಿದ್ದಳು.

ಕೈ ಮುಚ್ಚಿಕೊಳ್ಳುವ ಕೆಲಸ ನನ್ನದಲ್ಲ. ಶನಿವಾರದ ಬಟವಾಡೆಯಲ್ಲಿ ಎಲ್ಲರ ಕಣ್ಣೂ ನನ್ನ ಕೈ ಮೇಲೆಯೇ. ಒಂದು ಶನಿವಾರ ದುಡ್ಡು ಎಣಿಸಿ ಕೊಡುತ್ತಿದ್ದಾಗ ಅಂಗಿಯ ತೋಳು ಮೇಲಕ್ಕೆ ಸರಿಯಿತು. ಮುಂದೆ ನಿಂತಿದ್ದ ಹೆಂಗಸು ನೋಡಿಯೇ ಬಿಟ್ಟಳು. "ರೈಟ್ರೇ, ಇದು ಆ ಸೂಜಿ ಚುಚ್ಚಿದ ಜಾಗ ಅಲ್ವಾ?" ಅಂದಳು. ಹೌದು ಅಂದೆ. ಅವಳು ಮತ್ತೇನೂ ಕೇಳಲಿಲ್ಲ. ಸಂಜೆಯೊಳಗೆ ಲೈನಿನವರಿಗೆಲ್ಲ ಗೊತ್ತಾಗಿತ್ತು. ಎರಡನೇ ಡೋಸ್ ಯಾರೂ ಬೇಡ ಅಂದರು. ನಿಜ ಹೇಳಬೇಕೆಂದರೆ, ನನಗೂ ಬೇಡವಾಗಿತ್ತು.

ಜುಲೈನಲ್ಲಿ ಬಸ್ಸು ಶುರುವಾದ ಮೇಲೆ ಚಿಕ್ಕಮಗಳೂರಿಗೆ ಹೋಗಿ ಚರ್ಮದ ಡಾಕ್ಟರನ್ನು ಕಂಡೆ. ಧಾರಾಕಾರ ಮಳೆ, ಕೊಡೆ ಹಿಡಿದರೂ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಚೆಕ್‌ರೋಲ್ (ಹಾಜರಿ ಪುಸ್ತಕ) ಬರೆಯುವ ಅಭ್ಯಾಸದಿಂದ ಒಂದು ಹಾಳೆಯಲ್ಲಿ ತಾರೀಖುಗಳನ್ನೆಲ್ಲ ಗುರುತು ಹಾಕಿಕೊಂಡಿದ್ದೆ. ಲಸಿಕೆ ಯಾವತ್ತು, ಬೊಟ್ಟು ಯಾವತ್ತು, ಮುಲಾಮು ಮುಗಿದದ್ದು ಯಾವತ್ತು. ಅವರು ಆ ಹಾಳೆಯನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಓದಿದರು. ನನ್ನನ್ನು ಅಷ್ಟು ಗಮನ ಕೊಟ್ಟು ಕೇಳಿದ ಡಾಕ್ಟರ್ ಅವರೇ ಮೊದಲು. ಗಂಟಲು ನೋವು ಬಂದಿತ್ತಾ, ಬಿಪಿಗೆ ಹೊಸ ಮಾತ್ರೆ ಶುರು ಮಾಡಿದ್ದೀರಾ, ಮನಸ್ಸಿಗೆ ಬೇಜಾರು ಜಾಸ್ತಿ ಆಗಿತ್ತಾ, ಎಲ್ಲ ವಿಚಾರಿಸಿದರು. ಇವೆಲ್ಲವೂ ಸೋರಿಯಾಸಿಸ್ ಕೆರಳಿಸುವುದುಂಟಂತೆ.

ಆಮೇಲೆ ವಿವರಿಸಿದರು. ಮಾಮೂಲಿ ಚರ್ಮ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು. ನಮ್ಮಂಥವರ ಚರ್ಮದಲ್ಲಿ ಆ ಕೆಲಸ ಮೂರು ನಾಲ್ಕು ದಿನದಲ್ಲೇ ಮುಗಿದುಹೋಗುತ್ತದೆ, ಅದಕ್ಕೇ ಹೊಟ್ಟು ಕಟ್ಟುವುದು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಚರ್ಮದ ಮೇಲೆ ತಿರುಗಿಬಿದ್ದಿರುತ್ತದೆ. ಲಸಿಕೆ ಅದೇ ಶಕ್ತಿಯನ್ನು ಎಬ್ಬಿಸುವುದರಿಂದ ಕೆಲವರಿಗೆ ಸೋರಿಯಾಸಿಸ್ ಕೆರಳಬಹುದು. ಕೋವಿಡ್ ಲಸಿಕೆ, ಫ್ಲೂ ಲಸಿಕೆ ಎರಡರ ನಂತರವೂ ಹೀಗೆ ಆದವರಿದ್ದಾರೆ. ತೋಳಿನ ಬೊಟ್ಟಿಗೆ ಇನ್ನೊಂದು ಕಾರಣವೂ ಇದೆ ಅಂದರು. ಸೋರಿಯಾಸಿಸ್ ಇರುವವರಿಗೆ ಗಾಯವಾದ ಕಡೆ ಹೊಸದಾಗಿ ಏಳುವುದುಂಟು. 19ನೇ ಶತಮಾನದಲ್ಲೇ ಕೋಬ್ನರ್ ಎನ್ನುವ ಜರ್ಮನ್ ವೈದ್ಯರು ಇದನ್ನು ಗುರುತಿಸಿದ್ದರಂತೆ. ಸೂಜಿ ಚುಚ್ಚಿದ್ದೂ ಒಂದು ಸಣ್ಣ ಗಾಯ ತಾನೇ? ನನಗೆ ತಟ್ಟನೆ ಹಳೆಯದೊಂದು ನೆನಪಾಯಿತು. ಬೇಲಿ ತಂತಿ ಗೀರಿದ ಕಡೆ ಮೀನಖಂಡದ ಮೇಲೆ ಗೆರೆ ಎಳೆದಂತೆ ಎದ್ದಿತ್ತು. ಅದಕ್ಕೆ ಕಾರಣ ಇಷ್ಟು ವರ್ಷದ ಮೇಲೆ ತಿಳಿಯಿತು.

"ಹಾಗಾದ್ರೆ ಎರಡನೇದು ಬೇಡ ಅಲ್ವಾ ಸಾರ್?" ಅಂದೆ.

"ಕೋವಿಡ್ ಬಂದರೂ ಇದು ಕೆರಳಬಹುದು. ಕೆರಳಿದ ಚರ್ಮಕ್ಕೆ ನನ್ನ ಹತ್ರ ಔಷಧಿ ಇದೆ. ನಿಮ್ಮ ಶ್ವಾಸಕೋಶ ಕೆಟ್ಟರೆ ನಾನೇನೂ ಮಾಡೋಕಾಗಲ್ಲ," ಅಂದರು. ನಿಮ್ಮ ಕೇಸಿನಲ್ಲಿ ಲಸಿಕೆ ಎಷ್ಟು ಕಾರಣ, ಮುಲಾಮು ದಿಢೀರ್ ನಿಂತದ್ದು ಎಷ್ಟು ಕಾರಣ ಅಂತ ಬೇರೆ ಮಾಡಿ ಹೇಳಲಾಗದು ಅಂತಲೂ ಬಿಚ್ಚಿ ಹೇಳಿದರು. ಆ ಮಾತಿನಿಂದಲೇ ಅವರ ಮೇಲೆ ನಂಬಿಕೆ ಗಟ್ಟಿಯಾಯಿತು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಜೀವಂತ ವೈರಾಣು ಇರುವ ಲಸಿಕೆಗಳ ವಿಷಯದಲ್ಲಿ ಮೊದಲೇ ಡಾಕ್ಟರನ್ನು ಕೇಳಬೇಕು, ಈ ಲಸಿಕೆ ಆ ಗುಂಪಿಗೆ ಸೇರಿಲ್ಲ ಅಂದರು. ನಾನು ಬರೀ ಮುಲಾಮಿನವನು. ಮೂರು ವಾರ ಮುಲಾಮು ಹಚ್ಚಿ, ಚರ್ಮ ಒಂದು ಹದಕ್ಕೆ ಬಂದ ಮೇಲೆ, ಬೊಟ್ಟು ಇಲ್ಲದ ತೋಳಿಗೆ ಹಾಕಿಸಿಕೊಳ್ಳಿ ಎಂದು ಕಳಿಸಿದರು.

ಮೊದಲ ಡೋಸಿನಿಂದ ಎಣಿಸಿದರೆ ಹದಿನಾರನೇ ವಾರದ ಹೊತ್ತಿಗೆ ಹೋದೆ. ಬೆಳಗ್ಗೆ ಹೆಂಡತಿ ಬೆನ್ನಿಗೆ, ಮೊಣಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ "ರೀ, ಯೋಚನೆ ಮಾಡಿದ್ದೀರಾ?" ಅಂತ ಒಂದೇ ಸಲ ಕೇಳಿದಳು. ಹ್ಞೂಂ ಅಂದೆ. ಆಳುಗಳನ್ನು ಕರೆಯಲಿಲ್ಲ. ಡಾಕ್ಟರ್ ಹೇಳಿದ್ದನ್ನು ಹಿಂದಿನ ಶನಿವಾರವೇ, ಬೊಟ್ಟು ತೋರಿಸಿಕೊಂಡೇ, ಒಂದೂ ಬಿಡದೆ ಹೇಳಿದ್ದೆ. ಬರುವವರು ಬರಲಿ ಅಂತ ಸುಮ್ನೆ ಜೀಪ್ ಸ್ಟಾರ್ಟ್ ಮಾಡಿ ಕುಳಿತೆ. ಒಂಬತ್ತು ಜನ ಹತ್ತಿದರು. ಬಟವಾಡೆಯಲ್ಲಿ ಕೇಳಿದ ಹೆಂಗಸೂ ಬಂದಳು.

ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮನಿಗೆ ಎಡ ತೋಳು ತೋರಿಸಿ ವಿಷಯ ಹೇಳಿದೆ. ಅವರು ಬಲ ತೋಳಿಗೇ ಕೊಟ್ಟರು. ಆಮೇಲಿನ ಮೂರು ವಾರ ದಿನಾ ರಾತ್ರಿ ದೀಪದ ಕೆಳಗೆ ಆ ತೋಳು ನೋಡಿಕೊಳ್ಳುತ್ತಿದ್ದೆ. ಹದಿನೈದನೇ ದಿನ ಮೊಣಕಾಲು ಸ್ವಲ್ಪ ಕೆಂಪಾಯಿತು, ಮುಲಾಮಿಗೆ ತಗ್ಗಿತು. ಬಲ ತೋಳಿನಲ್ಲಿ ಏನೂ ಏಳಲಿಲ್ಲ. ಎಡ ತೋಳಿನದು ಹೋಗಲು ದೀಪಾವಳಿವರೆಗೆ ಹಿಡಿಯಿತು. ಅಲ್ಲಿ ಈಗ ಒಂದು ತಿಳಿ ಕಂದು ಕಲೆ ಉಳಿದಿದೆ.

ಆ ವರ್ಷದ ಕಾಫಿ ಕೊಯ್ಲಿನ ಹೊತ್ತಿಗೆ ಅದೇ ಹೆಂಗಸು ತನ್ನ ಮಗನನ್ನು ಆಫೀಸಿಗೆ ಕರೆತಂದಳು. ಹುಡುಗ ಉಣ್ಣೆ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಿದ್ದ. "ತೆಗಿ, ರೈಟ್ರಿಗೆ ತೋರ್ಸು," ಅಂದಳು. ಕಿವಿಯ ಹಿಂದೆ ಬೆಳ್ಳಗೆ ಹೊಟ್ಟು ಕಟ್ಟಿತ್ತು. ಡಾಕ್ಟರ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟು, ಯಾವತ್ತಿನಿಂದ ಶುರುವಾಯಿತು ಅಂತ ಅವನನ್ನೇ ಕೇಳಿ ಕೆಳಗೆ ತಾರೀಖು ಹಾಕಿದೆ.