ಅಕ್ಕಿಯ ಹೆಸರೇ ಇಲ್ಲದ ಹದೀಸ್

ಇಸ್ಲಾಮೀ ಕಾನೂನಿನಲ್ಲಿ ಹೊಸ ಪ್ರಶ್ನೆಗೆ ಉತ್ತರ ಹುಡುಕುವ ಇಜ್ತಿಹಾದ್ ಅಂದರೆ ಮೌಲ್ವಿಗಳು ತಮಗೆ ತೋಚಿದ್ದು ಹೇಳುವುದು ಅಂದುಕೊಂಡವರೇ ಹೆಚ್ಚು. ಹಾಗಲ್ಲ. ಕುರ್‌ಆನ್, ಹದೀಸ್ (ಪ್ರವಾದಿಯವರ ನಡೆ-ನುಡಿಯ ವರದಿ), ವಿದ್ವಾಂಸರ ಒಮ್ಮತ ಮೂರರಲ್ಲೂ ನೇರ ಉತ್ತರ ಸಿಗದಿದ್ದರೆ ಕಿಯಾಸ್‌ಗೆ ಕೈಹಾಕುತ್ತಾರೆ, ಅಂದರೆ ಗೊತ್ತಿರುವ ಪ್ರಕರಣಕ್ಕೆ ಹೋಲಿಸಿ ಹೊಸದನ್ನು ತೀರ್ಮಾನಿಸುತ್ತಾರೆ. ಮೂಲ ಪ್ರಕರಣ, ಅದರ ವಿಧಿ, ಹೊಸ ಪ್ರಕರಣ, ಎರಡನ್ನೂ ಬೆಸೆಯುವ ಕಾರಣ ಅಥವಾ ಇಲ್ಲತ್: ಇವು ಅದರ 4 ಅಂಗಗಳು. ತಲೆನೋವೆಲ್ಲ ಕೊನೆಯದರದ್ದೇ.

ಉದಾಹರಣೆಗೆ ಒಂದು ಹದೀಸ್ 6 ವಸ್ತುಗಳನ್ನು ಹೆಸರಿಸುತ್ತದೆ: ಚಿನ್ನ, ಬೆಳ್ಳಿ, ಗೋಧಿ, ಬಾರ್ಲಿ, ಖರ್ಜೂರ, ಉಪ್ಪು. ಇವುಗಳಲ್ಲಿ ಯಾವುದನ್ನೇ ಅದೇ ವಸ್ತುವಿಗೆ ಬದಲಾಯಿಸಿದರೂ ಸಮಸಮ ಇರಬೇಕು, ಅಲ್ಲೇ ಕೈಯಿಂದ ಕೈಗೆ ಕೊಡಬೇಕು. ಹೆಚ್ಚಾದರೆ ಬಡ್ಡಿ ಎನ್ನುತ್ತದೆ ಹದೀಸ್. ಅಕ್ಕಿಯ ಮಾತಿಲ್ಲ. ಅಕ್ಷರಶಃ ಅರ್ಥಕ್ಕೇ ಅಂಟಿಕೊಳ್ಳುವ ಜಾಹಿರಿ ಪಂಥದವರು 6ಕ್ಕೇ ನಿಂತರು. ಬೇರೆ ಕಾನೂನು ಪಂಥಗಳು ಕಾರಣ ಹುಡುಕಿದವು. ಅಳತೆ ಅಥವಾ ತೂಕವೇ ಕಾರಣ ಎಂದರು ಹನಫಿಗಳು. ಶಾಫಿಈಗಳಿಗೆ ಚಿನ್ನ-ಬೆಳ್ಳಿಯಲ್ಲಿ ಹಣದ ಗುಣ, ಉಳಿದ ನಾಲ್ಕರಲ್ಲಿ ತಿನ್ನಬಹುದಾದ ಗುಣವೇ ಕಾರಣ. ಮಾಲಿಕಿಗಳಿಗೆ ಕೂಡಿಡಬಹುದಾದ ಮುಖ್ಯ ಆಹಾರವಾಗಿರಬೇಕು.

ಮೂರೂ ದಾರಿಯಲ್ಲಿ ಅಕ್ಕಿ ಒಳಗೆ ಬಂತು: 1 ಕಿಲೋ ಸೋನಾಮಸೂರಿಗೆ 2 ಕಿಲೋ ದಪ್ಪಕ್ಕಿ ಕೊಡುವಂತಿಲ್ಲ. ದಪ್ಪಕ್ಕಿ ಮಾರಿ, ಆ ದುಡ್ಡಲ್ಲಿ ಸೋನಾಮಸೂರಿ ಕೊಳ್ಳಬಹುದು. ಅರೇಬಿಯಾದ ಖೈಬರ್‌ನ ಖರ್ಜೂರದ ವಿಷಯದಲ್ಲಿ ಪ್ರವಾದಿಯವರು ತೋರಿಸಿದ ದಾರಿಯೇ ಇದು. ಆದರೆ ತೂಗಿ ಮಾರುವ ಕಬ್ಬಿಣ? ಹನಫಿಗೆ ನಿಯಮ ಹತ್ತುತ್ತದೆ, ಶಾಫಿಈಗೆ ಇಲ್ಲ. ಹೀಗಾಗಿ ನಮ್ಮಲ್ಲೇ ಭಟ್ಕಳದ ಶಾಫಿಈಗೂ ಕಲಬುರಗಿಯ ಹನಫಿಗೂ ಉತ್ತರ ಬೇರೆಯಾಗಬಹುದು.

ಎಡವುವುದು ಸಾಮಾನ್ಯವಾಗಿ ಉದ್ದೇಶವನ್ನೇ ಕಾರಣ ಎಂದುಕೊಂಡಾಗ. ಪ್ರಯಾಣಿಕನಿಗೆ 4 ರಕಅತ್ (ನಮಾಜಿನ ಸುತ್ತು) ನಮಾಜ್ 2 ಆಗುತ್ತದೆ. ಉದ್ದೇಶ ಕಷ್ಟ ತಗ್ಗಿಸುವುದು, ಕಾರಣ ಮಾತ್ರ ಪ್ರಯಾಣ. ಕಷ್ಟವೇ ಕಾರಣವಾಗಿದ್ದರೆ ಊರಲ್ಲೇ ಮೂಟೆ ಹೊರುವ ಹಮಾಲನೂ ಮೊಟಕು ಮಾಡಬಹುದಿತ್ತು, ವಿಮಾನದಲ್ಲಿ ಆರಾಮಾಗಿ ಹೋಗುವವನಿಗೆ ರಿಯಾಯಿತಿಯೇ ಇರುತ್ತಿರಲಿಲ್ಲ.